ಬಟನ್ ಒತ್ತುವ ಕೆಲಸದಿಂದ ಸೆಟ್ಟಿಂಗ್‌ಗೆ: ಸಿಎನ್‌ಸಿ ಆಪರೇಟರ್ ಮುಂದೆ ಬರುವುದು ಹೇಗೆ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ. ಎಲ್ಲೇ ಹೋದರೂ ಮಷಿನ್ ಶಾಪಿನ ಗೇಟಿನಲ್ಲಿ ‘ಸಿಎನ್‌ಸಿ, ವಿಎಂಸಿ ಆಪರೇಟರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಕಾಣುತ್ತದೆ. ಸಿಎನ್‌ಸಿ ಎಂದರೆ ಕಂಪ್ಯೂಟರ್ ಪ್ರೋಗ್ರಾಮ್‌ನಂತೆ ಲೋಹ ಕತ್ತರಿಸುವ ಮಷಿನ್; ಜಾಬ್ (ಕತ್ತರಿಸುವ ಬಿಡಿಭಾಗ) ತಿರುಗಿದರೆ ಟರ್ನಿಂಗ್, ಟೂಲ್ ತಿರುಗಿದರೆ ವಿಎಂಸಿ. ಟರ್ನರ್, ಮಷಿನಿಸ್ಟ್, ಫಿಟ್ಟರ್ ಐಟಿಐ ಮುಗಿಸಿದವರಿಗೆ ಆ ಕೆಲಸ ಸಿಗುವುದು ಅಷ್ಟೇನೂ ಕಷ್ಟವಲ್ಲ. ತೊಂದರೆ ಶುರುವಾಗುವುದು ಆಮೇಲೆ. ಜಾಬ್ ಹಾಕು, ಡೋರ್ ಮುಚ್ಚು, ಸೈಕಲ್ ಸ್ಟಾರ್ಟ್ ಒತ್ತು, ಜಾಬ್ ತೆಗೆ, ಗೇಜ್ ಹಾಕಿ ನೋಡು. ಇಷ್ಟರಲ್ಲೇ ಐದಾರು ವರ್ಷ ಕಳೆದುಹೋಗುತ್ತದೆ. ಸಂಬಳ ಜಾಸ್ತಿ ಕೇಳಿದರೆ ಅದೇ ಕೆಲಸಕ್ಕೆ ಹೊಸ ಹುಡುಗ ಕಡಿಮೆಗೆ ಸಿಗುತ್ತಾನೆ ಎಂಬ ಉತ್ತರ ಬರುತ್ತದೆ. ಕೇಳಲು ಕಹಿಯಾದರೂ ಲೆಕ್ಕ ಸರಿಯೇ.

ಶಾಪಿನಲ್ಲಿ ಸಂಬಳ ಏರುವುದು ವರ್ಷಗಳ ಲೆಕ್ಕದಲ್ಲಲ್ಲ. ಹೊಸ ಜಾಬ್‌ನ ಡ್ರಾಯಿಂಗ್ ಕೈಗೆ ಕೊಟ್ಟು ಹೋದರೆ, ಮಷಿನ್ ಗುದ್ದಿಸದೆ, ಮೊದಲ ಪೀಸನ್ನು ಸೈಜಿನಲ್ಲಿ ತೆಗೆದುಕೊಡುವವರು ಯಾರು ಎಂಬುದರ ಮೇಲೆ. ಅಂಥವರಿಗೆ ಸೆಟ್ಟರ್ ಎನ್ನುತ್ತಾರೆ. ಸೆಟ್ಟರ್ ಆದ ಮೇಲೆ ಪ್ರೋಗ್ರಾಮರ್, ಪ್ರೊಸೆಸ್ ಇಂಜಿನಿಯರ್, ಶಿಫ್ಟ್ ಇನ್‌ಚಾರ್ಜ್ ಎಂದು ದಾರಿ ಕವಲೊಡೆಯುತ್ತದೆ. ಆಪರೇಟರ್‌ನಿಂದ ಸೆಟ್ಟರ್ ಆಗುವ ಮೊದಲ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರ. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಅಳೆಯುವುದು ಮೊದಲು

ತುಂಬ ಜನ ಪ್ರೋಗ್ರಾಮಿಂಗ್ ಕೋರ್ಸ್‌ಗೆ ಓಡುತ್ತಾರೆ. ಮೈಕ್ರೋಮೀಟರ್ ಸರಿಯಾಗಿ ಹಿಡಿಯಲು ಬಾರದವರಿಗೆ ಪ್ರೋಗ್ರಾಮಿಂಗ್‌ನಿಂದ ಪ್ರಯೋಜನವಿಲ್ಲ. ಅಳತೆಯೇ ತಪ್ಪಿದರೆ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕೆಂದು ಮಷಿನ್‌ಗೆ ಕೊಡುವ ತಿದ್ದುಪಡಿ ಅಂಕಿ) ತಪ್ಪುತ್ತದೆ, ಆಫ್‌ಸೆಟ್ ತಪ್ಪಿದರೆ ಜಾಬ್ ರಿಜೆಕ್ಟ್.

ಡ್ರಾಯಿಂಗ್‌ನಲ್ಲಿ 25 ಎಚ್7 ಎಂದು ಬೋರ್ (ದುಂಡು ರಂಧ್ರ) ಇದೆ ಎನ್ನಿ. ಅಂದರೆ 25.000ರಿಂದ 25.021 ಮಿ.ಮೀ. ಒಳಗೆ ಬರಬೇಕು. ಒಟ್ಟು ಸಿಗುವ ಜಾಗ 21 ಮೈಕ್ರಾನ್. 0.02 ಲೀಸ್ಟ್ ಕೌಂಟ್‌ನ ವರ್ನಿಯರ್‌ನಲ್ಲಿ ಇದನ್ನು ನೋಡುವ ಪ್ರಶ್ನೆಯೇ ಬರುವುದಿಲ್ಲ. ವರ್ನಿಯರ್‌ನ ಒಂದು ಗೆರೆಯೊಳಗೇ ಇಡೀ ಟಾಲರೆನ್ಸ್ ಮುಗಿದುಹೋಗುತ್ತದೆ. ಇಲ್ಲಿ ಬೇಕಾದದ್ದು ಡಯಲ್ ಬೋರ್ ಗೇಜ್, ಅದನ್ನು ಜೀರೋ ಮಾಡಲು ರಿಂಗ್ ಗೇಜ್. ಬೋರ್ ಗೇಜನ್ನು ಒಳಗಿಟ್ಟು ಹಿಂದೆ ಮುಂದೆ ತೂಗಿಸಿದಾಗ ಮುಳ್ಳು ಒಂದು ಕಡೆ ಹೋಗಿ ತಿರುಗಿ ಬರುತ್ತದೆ. ತಿರುಗುವ ಆ ಬಿಂದುವೇ ನಿಜವಾದ ಸೈಜ್.

ಮೈಕ್ರೋಮೀಟರ್ ಹಿಡಿದ ಕೂಡಲೇ ಜೀರೋ ನೋಡುವುದು ಅಭ್ಯಾಸವಾಗಲಿ. 25–50ರ ಮೈಕ್ರೋಮೀಟರ್ ಆದರೆ ಜೊತೆಗಿರುವ 25ರ ಮಾಸ್ಟರ್ ಹಾಕಿ ನೋಡಿ. ಅಳೆಯುವಾಗ ರ‍್ಯಾಚೆಟ್ಟನ್ನೇ ತಿರುಗಿಸಿ, ಥಿಂಬಲ್ ಹಿಡಿದು ಬಿಗಿ ಮಾಡಬೇಡಿ. ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ) ಇದ್ದರೆ ಮೊದಲು ತೆಗೆಯಿರಿ, ಕೂಲೆಂಟ್ ಒರೆಸಿ.

ಬಿಸಿ ಜಾಬ್‌ನ ವಿಷಯ ಗೊತ್ತಿಲ್ಲದೆ ಕೈಸುಟ್ಟುಕೊಂಡವರು ಬಹಳ. ಅಳತೆಗೆ ಆಧಾರ 20 ಡಿಗ್ರಿ ಸೆಲ್ಸಿಯಸ್. 100 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಜಾಬ್ 15 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 34 ಮೈಕ್ರಾನ್ ದೊಡ್ಡದಾಗಿ ತೋರಿಸುತ್ತದೆ. ಅಷ್ಟೇ ದೊಡ್ಡ ಸ್ಟೀಲ್ ಜಾಬ್ ಆದರೆ ಅದರ ಅರ್ಧ. ಮಷಿನ್‌ನಿಂದ ತೆಗೆದ ತಕ್ಷಣ ಅಳೆದು, ‘ಸೈಜ್ ದೊಡ್ಡದಿದೆ’ ಎಂದು ಆಫ್‌ಸೆಟ್ ಇಳಿಸಿದರೆ ತಣ್ಣಗಾದ ಮೇಲೆ ಎಲ್ಲವೂ ಅಂಡರ್‌ಸೈಜ್. ಅಂಡರ್‌ಸೈಜ್ ಆದ ಶಾಫ್ಟಿಗೆ ರೀವರ್ಕ್ ಇಲ್ಲ.

ತೆಳು ಗೋಡೆಯ ಜಾಬ್‌ನಲ್ಲಿ ಇನ್ನೊಂದು ಮೋಸವಿದೆ. ಚಕ್‌ನ ಮೂರು ಜಾ (ಜಾಬ್ ಹಿಡಿಯುವ ಹಿಡಿಕೆಗಳು) ಒತ್ತಿ ಹಿಡಿದಿರುವಾಗ ಬೋರ್ ದುಂಡಗೆ ಕತ್ತರಿಸಿರುತ್ತದೆ, ಚಕ್ ಬಿಟ್ಟ ಕೂಡಲೇ ಮೂರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ಎರಡು ಬಿಂದುವಿನಲ್ಲಿ ಅಳೆಯುವ ಗೇಜ್ ಇದನ್ನು ಹಿಡಿಯದೇ ಹೋಗಬಹುದು, ಏಕೆಂದರೆ ಎಲ್ಲ ದಿಕ್ಕಿನಲ್ಲೂ ಅಗಲ ಒಂದೇ ಬರುತ್ತದೆ. ಮೂರು ಕಾಲಿನ ಬೋರ್ ಮೈಕ್ರೋಮೀಟರ್ ಬಳಸಿ ಅಥವಾ ಪ್ಲಗ್ ಗೇಜ್ ಹಾಕಿ. ಪರಿಹಾರ: ಚಕ್ ಪ್ರೆಶರ್ ಇಳಿಸುವುದು, ಸಾಫ್ಟ್ ಜಾವನ್ನು (ಕತ್ತರಿಸಿ ಆಕಾರ ಕೊಡಬಹುದಾದ ಮೆತ್ತನೆಯ ಜಾ) ಜಾಬ್‌ನ ವ್ಯಾಸಕ್ಕೇ ಬೋರ್ ಮಾಡಿ ಹಿಡಿತದ ಜಾಗ ಹೆಚ್ಚಿಸುವುದು. ಸಾಫ್ಟ್ ಜಾ ಬೋರ್ ಮಾಡುವಾಗಲೂ ಜಾಬ್‌ಗೆ ಕೊಡುವಷ್ಟೇ ಪ್ರೆಶರ್‌ನಲ್ಲಿ ರಿಂಗ್ ಹಿಡಿದಿರಬೇಕು, ಇಲ್ಲವಾದರೆ ರನ್‌ಔಟ್ (ತಿರುಗುವಾಗ ಓಲಾಟ) ಬರುತ್ತದೆ.

ಡ್ರಾಯಿಂಗ್ ಓದುವುದು

ದಿನವೂ ಓಡಿಸುವ ಜಾಬ್‌ನ ಡ್ರಾಯಿಂಗ್ ಕೇಳಿ ತೆಗೆದುಕೊಂಡು ಮೂರು ಪ್ರಶ್ನೆ ಹಾಕಿಕೊಳ್ಳಿ. ಇದರಲ್ಲಿ ಅತಿ ಬಿಗಿಯಾದ ಟಾಲರೆನ್ಸ್ ಯಾವುದು? ಡೇಟಮ್, ಅಂದರೆ ಅಳತೆಗೆ ಆಧಾರವಾದದ್ದು, ಯಾವ ಮುಖ? ಈ ಜಾಬ್ ಎಲ್ಲಿ ಹೋಗಿ ಕೂರುತ್ತದೆ? ಮೂರನೆಯದಕ್ಕೆ ಉತ್ತರ ಗೊತ್ತಾದರೆ ಮೊದಲೆರಡು ತಾನಾಗಿ ಅರ್ಥವಾಗುತ್ತವೆ. ಬೇರಿಂಗ್ ಕೂರುವ ಡಯಾಮೀಟರ್‌ಗೆ ಯಾಕೆ ಅಷ್ಟು ಬಿಗಿ, ಪಕ್ಕದ ಗ್ರೂವ್‌ಗೆ ಯಾಕೆ ಇಷ್ಟು ಸಡಿಲ ಎನ್ನುವುದು ಹೊಳೆಯುತ್ತದೆ.

ಜಿಡಿ ಆಂಡ್ ಟಿ (ಆಕಾರ, ಸ್ಥಾನಗಳ ಟಾಲರೆನ್ಸ್ ಹೇಳುವ) ಚಿಹ್ನೆಗಳಲ್ಲಿ ಫ್ಲ್ಯಾಟ್‌ನೆಸ್, ಪರ್ಪೆಂಡಿಕ್ಯುಲಾರಿಟಿ, ರನ್‌ಔಟ್, ಪೊಸಿಷನ್ ಇವು ನಾಲ್ಕು ಬಂದರೆ ಹೆಚ್ಚಿನ ಡ್ರಾಯಿಂಗ್ ಓದಬಹುದು. ಪೊಸಿಷನ್‌ನಲ್ಲಿ ಎಲ್ಲರೂ ಎಡವುತ್ತಾರೆ. ಹೋಲ್ ಎಕ್ಸ್‌ನಲ್ಲಿ 0.03, ವೈನಲ್ಲಿ 0.04 ಸರಿದಿದೆ, ಡ್ರಾಯಿಂಗ್‌ನಲ್ಲಿ ಪೊಸಿಷನ್ ವ್ಯಾಸ 0.08 ಕೊಟ್ಟಿದ್ದಾರೆ. ಎರಡೂ ಕಡೆ 0.04 ಮೀರಿಲ್ಲ, ಹಾಗಾಗಿ ಪಾಸ್ ಎಂದುಕೊಂಡರೆ ತಪ್ಪು. 0.03ರ ವರ್ಗ ಮತ್ತು 0.04ರ ವರ್ಗ ಕೂಡಿ, ವರ್ಗಮೂಲ ತೆಗೆದರೆ 0.05, ಅದನ್ನು ದುಪ್ಪಟ್ಟು ಮಾಡಿದರೆ 0.10. ಜಾಬ್ ಫೇಲ್. ಈ ಒಂದು ಲೆಕ್ಕವನ್ನು ಇಂಟರ್‌ವ್ಯೂನಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಿದರೆ ಎದುರಿಗಿರುವವರ ಮಾತಿನ ಧಾಟಿಯೇ ಬದಲಾಗುತ್ತದೆ.

ಆಫ್‌ಸೆಟ್ ಮತ್ತು ಗುದ್ದಾಟ

ಟರ್ನಿಂಗ್‌ನಲ್ಲಿ ಇನ್‌ಸರ್ಟ್ (ಟೂಲ್‌ನ ತುದಿಗೆ ಹಾಕುವ ಬದಲಿಸಬಹುದಾದ ಅಲಗು) ಸವೆದಂತೆ ಹೊರವ್ಯಾಸ ದೊಡ್ಡದಾಗುತ್ತದೆ, ಬೋರ್ ಚಿಕ್ಕದಾಗುತ್ತದೆ. ಆದ್ದರಿಂದ ಹೊಸ ಇನ್‌ಸರ್ಟ್ ಹಾಕಿದಾಗ ಹೊರವ್ಯಾಸವನ್ನು ಟಾಲರೆನ್ಸ್‌ನ ಮಧ್ಯಕ್ಕಿಂತ ತುಸು ಕೆಳಗೆ, ಬೋರನ್ನು ತುಸು ಮೇಲೆ ಇಟ್ಟು ಶುರುಮಾಡಿದರೆ ಮಧ್ಯೆ ಆಫ್‌ಸೆಟ್ ಕೊಡುವ ಸರದಿ ಕಡಿಮೆಯಾಗುತ್ತದೆ. ಬೋರ್ 25.004 ಬಂದಿದೆ, 25.014 ಬೇಕು, ಎಕ್ಸ್ ವೇರ್ ಆಫ್‌ಸೆಟ್‌ಗೆ (ಸವೆತಕ್ಕೆಂದು ಕೊಡುವ ತಿದ್ದುಪಡಿ) 0.010 ಕೂಡಿಸಿ. ಹೊರವ್ಯಾಸ 40.035 ಬಂದಿದೆ, 40.010 ಬೇಕು, 0.025 ಕಳೆಯಿರಿ.

ಕೆಡುವುದು ಇಲ್ಲಿಯೇ. ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ ‘ಇನ್‌ಪುಟ್’ ಒತ್ತಿದರೆ ಹಳೆಯ ಅಂಕಿ ಹೋಗಿ ಹೊಸದು ಕೂರುತ್ತದೆ, ‘ಪ್ಲಸ್ ಇನ್‌ಪುಟ್’ ಒತ್ತಿದರೆ ಹಳೆಯದಕ್ಕೆ ಕೂಡುತ್ತದೆ. ವೇರ್‌ನಲ್ಲಿ ಆಗಲೇ ಮೈನಸ್ 0.120 ಇದ್ದಾಗ ಮೈನಸ್ 0.025ಕ್ಕೆ ಬರೀ ಇನ್‌ಪುಟ್ ಒತ್ತಿದರೆ ಹೊರವ್ಯಾಸ ಒಮ್ಮೆಲೇ 95 ಮೈಕ್ರಾನ್ ದಪ್ಪ. ಇನ್ನೊಂದು ದಶಮಾಂಶದ ಚುಕ್ಕೆ. ಫ್ಯಾನಕ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಕ್ಸ್50 ಎಂದು ಚುಕ್ಕೆಯಿಲ್ಲದೆ ಬರೆದರೆ ಅದು 50 ಮಿ.ಮೀ. ಅಲ್ಲ, 50 ಮೈಕ್ರಾನ್; ಟೂಲ್ ಸೀದಾ ಸೆಂಟರ್‌ಗೆ ನುಗ್ಗುತ್ತದೆ. ಪ್ಯಾರಾಮೀಟರ್ ಬದಲಿಸಿದ ಮಷಿನ್‌ಗಳಲ್ಲಿ ಇದು ಬೇರೆ ಥರ ಇರುತ್ತದೆ. ಹಾಗಾಗಿ ಯಾವ ಮಷಿನ್ ಆದರೂ ಚುಕ್ಕೆ ಹಾಕಿಯೇ ಬರೆಯಿರಿ. ವಿಎಂಸಿಯಲ್ಲಿ ಗುದ್ದಾಟಕ್ಕೆ ಮಾಮೂಲಿ ಕಾರಣ ಎರಡು: ಟೂಲ್ 5 ಕರೆದು ಎಚ್4ರ ಲೆಂತ್ ಆಫ್‌ಸೆಟ್ ಕೊಟ್ಟಿರುವುದು, ಜಿ54ರಲ್ಲಿ (ಜಾಬ್‌ನ ಜೀರೋ ಬಿಂದು ಎಲ್ಲಿದೆ ಎಂದು ಹೇಳುವ ಜಾಗ) ಅಂಚು ಹುಡುಕುವ ಎಡ್ಜ್ ಫೈಂಡರ್‌ನ ಅರ್ಧ ವ್ಯಾಸ ಸೇರಿಸಲು ಮರೆತಿರುವುದು.

ಮೊದಲ ಪೀಸ್ ಓಡಿಸುವ ಕ್ರಮ ಹೀಗಿರಲಿ:

1. ಪ್ರೋಗ್ರಾಮ್ ನಂಬರ್, ಡ್ರಾಯಿಂಗ್ ನಂಬರ್ ಮತ್ತು ಅದರ ರಿವಿಷನ್ ಮೂರನ್ನೂ ಹೊಂದಿಸಿ ನೋಡಿ. ಹಳೆಯ ರಿವಿಷನ್‌ಗೆ ಮಾಡಿದ ಲಾಟ್ ಎಷ್ಟು ಚೆನ್ನಾಗಿದ್ದರೂ ಗುಜರಿಗೆ.
2. ಪ್ರತಿ ಟೂಲ್‌ನ ನಂಬರ್, ಆಫ್‌ಸೆಟ್ ನಂಬರ್, ಇನ್‌ಸರ್ಟ್‌ನ ಮೂಗಿನ ರೇಡಿಯಸ್ ಟೂಲ್ ಶೀಟ್‌ಗೆ ಸರಿಯಿದೆಯೇ ನೋಡಿ.
3. ಸ್ಕ್ರೀನ್ ಮೇಲೆ ಗ್ರಾಫಿಕ್ ಓಡಿಸಿ. ಗ್ರಾಫಿಕ್ ಸರಿ ಬಂತೆಂದರೆ ಟೂಲ್‌ಪಾತ್ ಸರಿ ಎಂದಷ್ಟೇ ಅರ್ಥ, ಆಫ್‌ಸೆಟ್ ಸರಿ ಎಂದಲ್ಲ.
4. ಸಿಂಗಲ್ ಬ್ಲಾಕ್ ಹಾಕಿ, ರ‍್ಯಾಪಿಡ್ ಓವರ್‌ರೈಡ್ ಅತಿ ಕಡಿಮೆಗೆ ಇಳಿಸಿ. ಟೂಲ್ ಜಾಬ್ ಹತ್ತಿರ ಬಂದಾಗ ಫೀಡ್ ಹೋಲ್ಡ್ ಒತ್ತಿ, ‘ಡಿಸ್ಟೆನ್ಸ್ ಟು ಗೋ’ ನೋಡಿ. ಸ್ಕ್ರೀನ್ 40 ಮಿ.ಮೀ. ಇನ್ನೂ ಹೋಗಬೇಕು ಎನ್ನುತ್ತಿದೆ, ಕಣ್ಣಿಗೆ 10 ಮಿ.ಮೀ. ಜಾಗ ಕಾಣುತ್ತಿದೆ ಎಂದಾದರೆ ಅಲ್ಲೇ ನಿಲ್ಲಿಸಿ.
5. ಫಿನಿಷಿಂಗ್ ಟೂಲ್‌ಗೆ ಹೊರವ್ಯಾಸದಲ್ಲಿ 0.2 ಹೆಚ್ಚು, ಬೋರ್‌ನಲ್ಲಿ 0.2 ಕಡಿಮೆ ಬರುವಂತೆ ಆಫ್‌ಸೆಟ್ ಇಟ್ಟು ಮೊದಲು ಓಡಿಸಿ, ತಣ್ಣಗೆ ಮಾಡಿ ಅಳೆದು, ಆಮೇಲೆ ಸೈಜಿಗೆ ತನ್ನಿ.
6. ಎಲ್ಲ ಅಳತೆ ಬರೆದು ಕ್ವಾಲಿಟಿಯವರ ಸಹಿ ಹಾಕಿಸಿಕೊಂಡ ಮೇಲೆಯೇ ಎರಡನೇ ಪೀಸ್.

ಕಲಿಯಲು ಅವಕಾಶ ಸಿಗುವುದು ಹೇಗೆ ಎಂಬುದೇ ನಿಜವಾದ ತಲೆನೋವು. ಸೆಟ್ಟರ್‌ಗೆ ಟೈಮ್ ಇರುವುದಿಲ್ಲ. ಕೆಲವರಿಗೆ ಹೇಳಿಕೊಡುವ ಮನಸ್ಸೂ ಇರುವುದಿಲ್ಲ. ಜಾಬ್ ಬದಲಾಗುವ ದಿನ ಮೊದಲೇ ತಿಳಿದುಕೊಂಡು, ಇನ್‌ಸರ್ಟ್ ಬದಲಿಸುವುದು, ಜಾ ಬಿಚ್ಚಿ ಹಾಕುವುದು, ಗೇಜ್ ತಂದಿಡುವುದು ನೀವೇ ಮಾಡಿ. ಎರಡು ಮೂರು ಸಲ ಜೊತೆಗೆ ನಿಂತ ಮೇಲೆ ನೇರವಾಗಿ ಕೇಳಿ: ‘ಅಣ್ಣಾ, ಈ ಸಲ ಸೆಟ್ಟಿಂಗ್ ನಾನು ಮಾಡ್ತೀನಿ, ಓಡಿಸೋಕೆ ಮುಂಚೆ ನೀವೊಂದ್ಸಲ ನೋಡ್ಬಿಡಿ.’ ನೋಡಿಬಿಡಿ ಎನ್ನುವ ಮಾತು ಮುಖ್ಯ. ಮಷಿನ್ ಗುದ್ದಿದರೆ ಜವಾಬ್ದಾರಿ ಅವರ ತಲೆಗೂ ಬರುತ್ತದೆ ಎಂಬ ಭಯವೇ ಬಹಳ ಸಲ ಅವರು ಬಿಟ್ಟುಕೊಡದಿರಲು ಕಾರಣ. ರಾತ್ರಿ ಶಿಫ್ಟಿನಲ್ಲಿ ಯಾರೂ ಇಲ್ಲದಾಗ ‘ಟ್ರೈ’ ಮಾಡುವ ಸಾಹಸ ಬೇಡ.

ಸ್ಪೀಡು, ಫೀಡು, ಇನ್‌ಸರ್ಟು

ಸಿಎನ್‌ಎಂಜಿ 120408 ಎಂದು ಇನ್‌ಸರ್ಟ್ ಡಬ್ಬಿಯ ಮೇಲೆ ಇರುತ್ತದಲ್ಲ, ಕೊನೆಯ 08 ಎಂದರೆ ಮೂಗಿನ ರೇಡಿಯಸ್ 0.8 ಮಿ.ಮೀ. ಮೊದಲ ಅಕ್ಷರ 80 ಡಿಗ್ರಿ ಮೂಲೆಯದು. ಡಬ್ಬಿಯ ಮೇಲೆಯೇ ಯಾವ ಮೆಟೀರಿಯಲ್‌ಗೆ ಎಷ್ಟು ಕಟಿಂಗ್ ಸ್ಪೀಡ್, ಎಷ್ಟು ಫೀಡ್ (ಒಂದು ಸುತ್ತಿಗೆ ಟೂಲ್ ಸಾಗುವ ದೂರ) ಎಂದು ಅಚ್ಚಾಗಿರುತ್ತದೆ. ಆ ಡಬ್ಬಿಯನ್ನು ಕಸಕ್ಕೆ ಹಾಕುವ ಮುಂಚೆ ಓದುವವರು ಶಾಪಿನಲ್ಲಿ ಬೆರಳೆಣಿಕೆಯಷ್ಟು.

ಆರ್‌ಪಿಎಂ ಲೆಕ್ಕ: ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ. ನಿಮಿಷಕ್ಕೆ 200 ಮೀಟರ್, 50 ವ್ಯಾಸ ಆದರೆ ಸುಮಾರು 1,270. ಜಿ96 ಹಾಕಿದರೆ ವ್ಯಾಸ ಇಳಿದಂತೆ ಮಷಿನ್ ತಾನೇ ಆರ್‌ಪಿಎಂ ಏರಿಸುತ್ತದೆ. ಫೇಸಿಂಗ್‌ನಲ್ಲಿ ಸೆಂಟರ್ ಹತ್ತಿರ ಬಂದಾಗ ಅದು ಗರಿಷ್ಠಕ್ಕೆ ಹೋಗುವುದರಿಂದ ಅದರ ಮುಂಚೆ ಜಿ50ರಲ್ಲಿ ಮಿತಿ ಹಾಕದಿದ್ದರೆ ಜಾಬ್ ಚಕ್‌ನಿಂದ ಹಾರುವ ಅಪಾಯವಿದೆ.

ಫಿನಿಷ್ ಸರಿ ಬರದಿದ್ದರೆ ಎಲ್ಲರೂ ಸ್ಪೀಡ್ ಮೇಲೆ ಕೈ ಹಾಕುತ್ತಾರೆ. ನೋಡಬೇಕಾದದ್ದು ಫೀಡ್. ಫೀಡಿನ ವರ್ಗವನ್ನು ಮೂಗಿನ ರೇಡಿಯಸ್‌ನ ಎಂಟರಷ್ಟರಿಂದ ಭಾಗಿಸಿದರೆ ಮೇಲ್ಮೈಯಲ್ಲಿ ಉಳಿಯುವ ಏರಿಳಿತದ ಎತ್ತರ ಬರುತ್ತದೆ. 0.8 ರೇಡಿಯಸ್, 0.2 ಫೀಡ್‌ಗೆ ಅದು 6 ಮೈಕ್ರಾನ್‌ಗಿಂತ ಸ್ವಲ್ಪ ಹೆಚ್ಚು. ಫೀಡ್ ಅರ್ಧ ಮಾಡಿದರೆ ಏರಿಳಿತ ಕಾಲು ಭಾಗಕ್ಕೆ ಇಳಿಯುತ್ತದೆ. ರೇಡಿಯಸ್ ದೊಡ್ಡದು ಮಾಡಿದರೂ ಫಿನಿಷ್ ಸುಧಾರಿಸುತ್ತದೆ, ಆದರೆ ಉದ್ದ ತೆಳ್ಳಗಿನ ಶಾಫ್ಟಿನಲ್ಲಿ ಚಾಟರ್ (ನಡುಕ) ಶುರುವಾಗುತ್ತದೆ.

ಪ್ರೋಗ್ರಾಮಿಂಗ್ ಯಾವಾಗ

ಸೆಟ್ಟಿಂಗ್ ಕೈಗೆ ಬಂದ ಮೇಲೆ. ಮೊದಲು ಓಡುತ್ತಿರುವ ಪ್ರೋಗ್ರಾಮನ್ನೇ ಪುಸ್ತಕದಲ್ಲಿ ಬರೆದುಕೊಂಡು, ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ಅರ್ಥ ಬರೆಯಿರಿ. ಆಮೇಲೆ ಡ್ರಾಯಿಂಗ್ ನೋಡಿ ನೀವೇ ಬರೆದು ಹೋಲಿಸಿ. ಟರ್ನಿಂಗ್‌ಗೆ ಜಿ71 (ರಫಿಂಗ್), ಜಿ70 (ಫಿನಿಷಿಂಗ್), ಜಿ76 (ಥ್ರೆಡ್) ಸೈಕಲ್‌ಗಳು, ಜಿ41–ಜಿ42 ರೇಡಿಯಸ್ ಕಾಂಪನ್ಸೇಷನ್ ಬಂದರೆ ಬಹುತೇಕ ಕೆಲಸ ಆಗುತ್ತದೆ. ಟೇಪರ್, ರೇಡಿಯಸ್ ಕೂಡುವ ಬಿಂದು ಹುಡುಕಲು ಸೈನ್, ಕಾಸ್, ಟ್ಯಾನ್ ಬೇಕೇ ಬೇಕು. ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕದ ತ್ರಿಕೋನಮಿತಿ ಅಧ್ಯಾಯ ಸಾಕು.

ವಿಎಂಸಿ ಕಡೆ ಹೋಗುವವರಿಗೆ ಕ್ಯಾಮ್ ಸಾಫ್ಟ್‌ವೇರ್ (ಕಂಪ್ಯೂಟರ್ ಮಾಡೆಲ್‌ನಿಂದ ಟೂಲ್‌ಪಾತ್ ತಯಾರಿಸುವುದು) ಬೇಕಾಗುತ್ತದೆ: ಮಾಸ್ಟರ್‌ಕ್ಯಾಮ್, ಎನ್‌ಎಕ್ಸ್ ಇತ್ಯಾದಿ. ಮನೆಯಲ್ಲಿ ಕಲಿಯಲು ಫ್ಯೂಷನ್ ಸಾಫ್ಟ್‌ವೇರ್‌ನ ಸ್ವಂತ ಬಳಕೆಯ ಉಚಿತ ಲೈಸೆನ್ಸ್ ಇದೆ. ಕೆಲವು ಸೌಲಭ್ಯ ಕತ್ತರಿಸಿದ್ದರೂ ಟೂಲ್‌ಪಾತ್ ಅಭ್ಯಾಸಕ್ಕೆ ಧಾರಾಳ. ಸಾಫ್ಟ್‌ವೇರ್ ಬಂತೆಂದು ಕೋಡ್ ಓದುವುದು ಬಿಡಬೇಡಿ. ಪೋಸ್ಟ್ ಪ್ರೊಸೆಸರ್ (ಟೂಲ್‌ಪಾತನ್ನು ಮಷಿನ್‌ನ ಕೋಡಿಗೆ ಬದಲಿಸುವ ಭಾಗ) ತಪ್ಪಿದಾಗ ಹಿಡಿಯುವವರು ಕೋಡ್ ಓದಬಲ್ಲವರೇ.

ಕೋರ್ಸ್ ಆರಿಸುವಾಗ

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಡಿಪ್ಲೊಮಾ ಜೊತೆಗೆ ಅಲ್ಪಾವಧಿಯ ಸಿಎನ್‌ಸಿ ತರಬೇತಿಯೂ ನಡೆಯುತ್ತದೆ. ಖಾಸಗಿ ಕೇಂದ್ರಕ್ಕೆ ದುಡ್ಡು ಕಟ್ಟುವ ಮುಂಚೆ ಒಂದು ಗುಣಾಕಾರ ಮಾಡಿ. 45 ದಿನ, ದಿನಕ್ಕೆ ಎರಡು ಗಂಟೆ, ಅಂದರೆ 90 ಗಂಟೆ. ಬ್ಯಾಚಿನಲ್ಲಿ 20 ಜನ, ಮಷಿನ್ ಒಂದು. ಇಡೀ ಸಮಯ ಮಷಿನ್ ಓಡಿದರೂ ನಿಮ್ಮ ಪಾಲಿಗೆ ನಾಲ್ಕೂವರೆ ಗಂಟೆ. ‘ನೂರಕ್ಕೆ ನೂರು ಜಾಬ್ ಗ್ಯಾರಂಟಿ’ ಎಂಬುದು ಆಪರೇಟರ್ ಕೆಲಸಕ್ಕೆ. ಅದು ನಿಮಗೆ ಹಾಗೆಯೂ ಸಿಗುತ್ತಿತ್ತು.

ಎರಡು ವರ್ಷದ ಐಟಿಐ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ದೊಡ್ಡ ಕಂಪನಿಗಳಲ್ಲಿ ಇಂಜಿನಿಯರ್ ದರ್ಜೆಗೆ ಏರಲು ಕಾಗದದ ಮೇಲೆ ಡಿಪ್ಲೊಮಾ ಕೇಳುವುದರಿಂದ ಇದಕ್ಕೆ ಬೆಲೆ ಇದೆ. ಓದಿಗೆ ಅಡ್ಡ ಬರುವುದು ಓಟಿ (ಓವರ್‌ಟೈಮ್). ದಿನವೂ ನಾಲ್ಕು ಗಂಟೆ ಓಟಿ ಮಾಡಿದರೆ ಕೈಗೆ ದುಡ್ಡು ಬರುತ್ತದೆ ನಿಜ, ಆದರೆ ಕಲಿಯಲು ಮೈಯಲ್ಲಿ ಏನೂ ಉಳಿಯುವುದಿಲ್ಲ. ವಾರದಲ್ಲಿ ಎರಡು ಸಂಜೆಯಾದರೂ ಓಟಿ ಬೇಡ ಎನ್ನಿ. ಮನೆಯ ಸಾಲದ ಒತ್ತಡ ಇರುವವರಿಗೆ ಇದು ಸುಲಭವಲ್ಲ, ಅವರು ಒಂದು ಸಂಜೆಯಿಂದ ಶುರುಮಾಡಲಿ.

ಬರೆದಿಡಿ, ಇಲ್ಲದಿದ್ದರೆ ಮಾಡಿದ್ದು ಲೆಕ್ಕಕ್ಕಿಲ್ಲ

ಒಂದು ನೋಟ್‌ಬುಕ್ ಇಡಿ. ಪ್ರತಿ ಜಾಬ್‌ಗೂ ಮೆಟೀರಿಯಲ್, ಮಷಿನ್, ಕಂಟ್ರೋಲ್, ಅತಿ ಬಿಗಿಯಾದ ಟಾಲರೆನ್ಸ್, ಸೆಟ್ಟಿಂಗ್‌ಗೆ ಹಿಡಿದ ಸಮಯ, ಸೈಕಲ್ ಟೈಮ್, ಬಂದ ತೊಂದರೆ, ಅದಕ್ಕೆ ಮಾಡಿದ್ದು. ಡ್ರಾಯಿಂಗ್‌ನ ಫೋಟೊ ಮಾತ್ರ ತೆಗೆಯಬೇಡಿ. ಅದು ಗ್ರಾಹಕರ ಸ್ವತ್ತು, ಏರೋಸ್ಪೇಸ್, ಡಿಫೆನ್ಸ್ ಜಾಬ್‌ಗಳಲ್ಲಿ ಕೆಲಸವೇ ಹೋಗುತ್ತದೆ.

ಈ ಪುಸ್ತಕದಿಂದಲೇ ರೆಸ್ಯೂಮೆ ಹುಟ್ಟುತ್ತದೆ. ‘ಸಿಎನ್‌ಸಿಯಲ್ಲಿ 4 ವರ್ಷ ಅನುಭವ, ಕಷ್ಟಪಟ್ಟು ಕೆಲಸ ಮಾಡುವವನು’ ಎಂದರೆ ಯಾರಿಗೂ ಏನೂ ಗೊತ್ತಾಗದು. ಹೀಗೆ ಬರೆಯಿರಿ: ‘ಟರ್ನಿಂಗ್ ಸೆಂಟರ್, 8 ಇಂಚು ಚಕ್, ಫ್ಯಾನಕ್ ಕಂಟ್ರೋಲ್. ಇಎನ್8, ಎಸ್‌ಎಸ್304, ಅಲ್ಯೂಮಿನಿಯಂ. 0.02 ಟಾಲರೆನ್ಸ್ ಬೋರ್‌ಗಳ ಸೆಟ್ಟಿಂಗ್ ಸ್ವತಂತ್ರವಾಗಿ. ಸಾಫ್ಟ್ ಜಾ ಬೋರಿಂಗ್, ಪ್ರೋಗ್ರಾಮ್ ತಿದ್ದುಪಡಿ. ಒಂದು ಜಾಬ್‌ನ ಸೈಕಲ್ ಟೈಮ್ 180ರಿಂದ 165 ಸೆಕೆಂಡ್‌ಗೆ.’ ಹದಿನೈದು ಸೆಕೆಂಡ್ ಏನು ಮಹಾ ಎನ್ನಬೇಡಿ. 450 ನಿಮಿಷದ ಶಿಫ್ಟಿನಲ್ಲಿ 150 ಪೀಸ್ ಬರುತ್ತಿದ್ದದ್ದು 163 ಆಗುತ್ತದೆ; ಈ ಲೆಕ್ಕ ಮಾಲೀಕರಿಗೆ ತಟ್ಟನೆ ಅರ್ಥವಾಗುತ್ತದೆ. ಒಂದೇ ಪುಟ ಸಾಕು. ಸುಳ್ಳು ಬರೆಯಬೇಡಿ, ಏಕೆಂದರೆ ಮುಂದಿನ ಹಂತ ಟ್ರೇಡ್ ಟೆಸ್ಟ್.

ಟ್ರೇಡ್ ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಒಂದು ಡ್ರಾಯಿಂಗ್, ಒಂದು ಪೀಸ್, ಒಂದು ಮೈಕ್ರೋಮೀಟರ್ ಕೊಡುತ್ತಾರೆ. ಕೆಲವರು ಜೀರೋ ತಪ್ಪಿದ ಮೈಕ್ರೋಮೀಟರನ್ನೇ ಬೇಕೆಂದು ಕೊಡುವುದುಂಟು. ಜೀರೋ ನೋಡದೆ ಅಳತೆ ಹೇಳಿದರೆ ಅಲ್ಲಿಗೆ ಮುಗಿಯಿತು. ‘ಬೋರ್‌ನಲ್ಲಿ ಟೇಪರ್ ಬರುತ್ತಿದೆ, ಏನು ಮಾಡುತ್ತೀರಿ?’ ಎಂಬುದು ಖಾಯಂ ಪ್ರಶ್ನೆ. ‘ಆಫ್‌ಸೆಟ್ ಕೊಡುತ್ತೇನೆ’ ಎಂಬುದು ತಪ್ಪು ಉತ್ತರ. ಆಫ್‌ಸೆಟ್ ಇಡೀ ಬೋರನ್ನು ಸಮನಾಗಿ ಸರಿಸುತ್ತದೆ, ಟೇಪರ್ ಹಾಗೇ ಉಳಿಯುತ್ತದೆ. ಬೋರಿಂಗ್ ಬಾರ್ ಎಷ್ಟು ಹೊರಚಾಚಿದೆ, ಇನ್‌ಸರ್ಟ್ ಸವೆದು ಬಾರ್ ಬಾಗುತ್ತಿದೆಯೇ, ಫಿನಿಷಿಂಗ್‌ಗೆ ಬಿಟ್ಟ ಮೆಟೀರಿಯಲ್ ಒಂದೇ ಸಮನಿದೆಯೇ, ಕೊನೆಗೆ ಮಷಿನ್‌ನ ಅಲೈನ್‌ಮೆಂಟ್, ಈ ಕ್ರಮದಲ್ಲಿ ಹೇಳಿ. ಸ್ಟೀಲ್ ಬಾರ್ ಅದರ ವ್ಯಾಸದ ನಾಲ್ಕು ಪಟ್ಟಿಗಿಂತ ಹೊರಚಾಚಿದರೆ ನಡುಕ ಖಚಿತ. ಅಲ್ಲಿ ಕಾರ್ಬೈಡ್ ಬಾರ್ ಬೇಕು.

ಕೆಲಸ ಬದಲಿಸುವಾಗ

ಈಗಿನ ಜಾಗದಲ್ಲಿ ಸೆಟ್ಟಿಂಗ್ ಕಲಿಯುವ ಮುಂಚೆಯೇ ಸಾವಿರ ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಪಕ್ಕದ ಶಾಪಿಗೆ ಹಾರಬೇಡಿ. ಅಲ್ಲಿ ಮತ್ತೆ ಹೊಸಬರಾಗಿ ಬಟನ್ ಒತ್ತುವುದರಿಂದಲೇ ಶುರು. ಸೆಟ್ಟಿಂಗ್ ಬಂದು ಒಂದು ವರ್ಷವಾದರೂ ಹುದ್ದೆಯ ಹೆಸರು, ಸಂಬಳ ಎರಡೂ ಬದಲಾಗದಿದ್ದರೆ ಹೊರಡಿ. ಹೊಸ ಜಾಗದಲ್ಲಿ ಎಷ್ಟು ಬಗೆಯ ಜಾಬ್ ಓಡುತ್ತದೆ ಎಂದು ಕೇಳಿ. ಒಂದೇ ಜಾಬ್ ವರ್ಷವಿಡೀ ಓಡುವ ಆಟೊ ಬಿಡಿಭಾಗದ ಲೈನ್‌ಗಿಂತ, ವಾರಕ್ಕೆ ನಾಲ್ಕು ಜಾಬ್ ಬದಲಾಗುವ ಚಿಕ್ಕ ಶಾಪಿನಲ್ಲಿ ಸೆಟ್ಟರ್ ಬೇಗ ಪಳಗುತ್ತಾರೆ.

ಬಿಡುವಾಗ ಅನುಭವ ಪತ್ರದಲ್ಲಿ ‘ಸೆಟ್ಟರ್’ ಎಂಬ ಪದ ಇದೆಯೇ ನೋಡಿ. ‘ಆಪರೇಟರ್’ ಎಂದೇ ಕೊಟ್ಟರೆ ಅಲ್ಲೇ ಕೂತು ಬದಲಿಸಿಕೊಳ್ಳಿ, ಆರು ತಿಂಗಳ ಮೇಲೆ ಯಾರೂ ಕೊಡುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಥರ ಇದ್ದರೆ ಪಿಎಫ್ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಒಂದೇ ಇರಲಿ, ಹೊಸ ಕಂಪನಿಗೆ ಅದನ್ನೇ ಕೊಡಿ. ಹಳೆಯ ಕಂಪನಿಯವರು ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಪ್ರತಿ ಸಲ ಕೆಲಸ ಬಿಟ್ಟಾಗಲೂ ಪಿಎಫ್ ಪೂರ್ತಿ ತೆಗೆಯುವುದು ಶಾಪ್‌ಗಳಲ್ಲಿ ರೂಢಿಯಾಗಿಬಿಟ್ಟಿದೆ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು, ಪಿಂಚಣಿ ಪಾಲನ್ನೂ ತೆಗೆದರೆ ಆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ತೆಗೆಯುವ ಬದಲು ಹೊಸ ಖಾತೆಗೆ ವರ್ಗಾಯಿಸಿ.